ಸೊಸೆಯ ಕಾರ್ಡಿನಲ್ಲಿ ಕೊಂಡೆ ಎಂದು ಹೇಳಿದ ಮೆಷಿನ್

ಆಷಾಢ ಶುರುವಾಗಿ ಹತ್ತು ದಿನವಾಗಿತ್ತು. ನನ್ನ ಜೊತೆಗಾತಿ ಕೊಬ್ಬರಿ ಬಟ್ಟಲನ್ನು ತುರಿಮಣೆಗೆ ಒತ್ತಿ ಹಿಡಿದವಳು ಹಾಗೇ ಕೂತುಬಿಟ್ಟಳು. ಕೈ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

"ಏನಾಯ್ತೇ?" ಅಂದೆ.

"ಭುಜ ಹಿಡ್ಕಂತು ಕಣಕ್ಕ. ಒಂದ್ ಗಳಿಗೆ ತಡಿ, ಬುಡ್ತದೆ."

ಬಿಡಲಿಲ್ಲ. ಮಾರನೇ ದಿನ ಅವಳನ್ನು ತುಮಕೂರಿಗೆ ಕರೆದುಕೊಂಡು ಹೋದೆ. ಮೂಳೆ ಡಾಕ್ಟರು ಬಲಗೈ ಎತ್ತಿಸಿ, ತಿರುಗಿಸಿ ನೋಡಿದರು. ತುರಿಯುವ ಕೆಲಸ ಇವತ್ತೇ ನಿಲ್ಲಿಸಬೇಕು, ಇಲ್ಲದಿದ್ದರೆ ಭುಜದ ಕೀಲು ಬಿಗಿದುಹೋಗುತ್ತದೆ, ಆಮೇಲೆ ಕೈ ತಲೆಯವರೆಗೂ ಏಳುವುದಿಲ್ಲ ಎಂದರು. ಅವಳಿಗಿಂತ ಮೊದಲು ನಾನೇ ತಲೆ ಆಡಿಸಿದೆ.

ಹೆಬ್ಬೂರಿನಲ್ಲಿ ಅವಳ ಹಿತ್ತಲಿನ ಶೀಟಿನ ಕೋಣೆಯಲ್ಲಿ ನಾವಿಬ್ಬರೂ ಕೊಬ್ಬರಿ ಉಂಡೆ ಮಾಡುತ್ತೇವೆ. ಗುಬ್ಬಿ ಕಡೆಯಿಂದ ಒಣ ಕೊಬ್ಬರಿ ತರಿಸುತ್ತೇವೆ. ತುಮಕೂರಿನ ಎರಡು ಅಂಗಡಿಗೆ, ಕುಣಿಗಲ್ಲಿನ ಒಂದು ಅಂಗಡಿಗೆ ಉಂಡೆ ಹೋಗುತ್ತದೆ. ಪಾಕ ನನ್ನದು, ತುರಿ ಅವಳದು. ಶುರು ಮಾಡಿದ ದಿನವೇ ಹೀಗೆ ಹಂಚಿಕೊಂಡೆವು. ಬೆಲ್ಲದ ಪಾಕಕ್ಕೆ ಅನುಭವ ಬೇಕು, ತುರಿಯುವುದಕ್ಕೆ ಏನು ಬೇಕು ಎಂದು ನಾನೇ ಹೇಳಿದ್ದೆ. ಅದಕ್ಕೆ ಭುಜ ಬೇಕು ಎಂದು ಈಗ ಗೊತ್ತಾಯಿತು.

ಶ್ರಾವಣ ಬಂದರೆ ವರಮಹಾಲಕ್ಷ್ಮಿ, ಆಮೇಲೆ ಗೌರಿ ಹಬ್ಬ. ಆರ್ಡರ್ ಆಗಲೇ ಒಪ್ಪಿಕೊಂಡಿದ್ದೆವು. ಕೊಬ್ಬರಿ ತುರಿಯುವ ಮೆಷಿನ್ ತರದೆ ಬೇರೆ ದಾರಿ ಇರಲಿಲ್ಲ.

ಮೆಷಿನ್ ಹುಡುಕಿಕೊಟ್ಟವಳು ನನ್ನ ಸೊಸೆ. ಮರಳೂರಿನ ಒಂದು ಶಾಲೆಯ ಆಫೀಸಿನಲ್ಲಿ ಅವಳಿಗೆ ಕೆಲಸ. ಬೆಳಿಗ್ಗೆ ಬಸ್ಸಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅವತ್ತು ಸಂಜೆ ನಮ್ಮ ಅಡುಗೆಮನೆಯಲ್ಲಿ ಮೂವರೂ ಕೂತು ಸೊಪ್ಪು ಬಿಡಿಸುತ್ತಿದ್ದೆವು. ಅವಳು ಫೋನಿನಲ್ಲಿ ಒಂದೊಂದೇ ಮೆಷಿನ್ ತೋರಿಸಿ, ಕೊನೆಗೆ ಒಂದನ್ನು ಆರಿಸಿದಳು. ಅರ್ಧ ಎಚ್‌ಪಿ ಮೋಟರು, ಒಣ ಕೊಬ್ಬರಿಗೂ ಆಗುತ್ತದೆ ಎಂದು ಬರೆದಿತ್ತು. ಹದಿನಾಲ್ಕು ಸಾವಿರ.

"ನನ್ನ ಕ್ರೆಡಿಟ್ ಕಾರ್ಡಲ್ಲಿ ತಗೊಳ್ಳಾಣ ಅತ್ತೆ" ಅಂದಳು.

"ನಂದೂ ಕಾರ್ಡ್ ಐತಲ್ಲ."

"ನಿಮ್ದು ಡೆಬಿಟ್ಟು. ಅದ್ರಲ್ಲಿ ಒತ್ತಿದ ತಕ್ಷಣ ನಿಮ್ ಖಾತೆಯಿಂದ ದುಡ್ಡು ಹೋಗ್ಬಿಡತ್ತೆ. ಸಾಮಾನು ಸರಿ ಇಲ್ದಿದ್ರೆ ಹೋದ ದುಡ್ಡಿನ ಹಿಂದೆ ನಾವು ಓಡ್ಬೇಕು. ನಂದ್ರಲ್ಲಾದ್ರೆ ಮೊದ್ಲು ಬ್ಯಾಂಕಿನ ದುಡ್ಡು ಹೋಗತ್ತೆ, ನಮ್ಗೆ ಬಿಲ್ ಬರೋದು ಆಮೇಲೆ. ಅಷ್ಟ್ರಲ್ಲಿ ಮೆಷಿನ್ ಓಡ್ಸಿ ನೋಡಿ, ಸರಿ ಇಲ್ದಿದ್ರೆ ಬ್ಯಾಂಕಿಗೆ ತಕರಾರು ಹಾಕ್ಬೋದು. ಅದು ತೀರ್ಮಾನ ಆಗೋವರ್ಗೂ ನಮ್ ದುಡ್ಡು ಸಾಮಾನ್ಯವಾಗಿ ನಮ್ಮತ್ರನೇ ಇರತ್ತೆ."

"ಬ್ಯಾಂಕ್ನೋರ ದುಡ್ಡಾದ್ರೆ ಬ್ಯಾಂಕ್ನೋರೇ ಜಗಳ ಆಡ್ತಾರೆ ಅನ್ನು" ಅಂದಳು ಜೊತೆಗಾತಿ.

"ಹೆಚ್ಚುಕಮ್ಮಿ ಹಂಗೇ ಚಿಕ್ಕಮ್ಮ. ಆದ್ರೆ ಬಾಕ್ಸ್ ಬಂದ ದಿನಾನೇ ತೆಗೀಬೇಕು. ತೆಗಿಯೋದನ್ನ ವಿಡಿಯೋ ಮಾಡ್ಕೋಬೇಕು. ವಾಪಸ್ ಕೊಡಕ್ಕೆ ಏಳೇ ದಿನ ಟೈಮು."

ಹಾಗೇ ಆಗಲಿ ಎಂದು ಮೂವರೂ ಒಪ್ಪಿದೆವು. ಜೊತೆಗಾತಿ ತನ್ನ ಪಾಲಿನ ಏಳು ಸಾವಿರವನ್ನು ನನ್ನ ಕೈಗೆ ಕೊಟ್ಟಳು. ಸೊಸೆಗೆ ಬಿಲ್ ಬಂದಾಗ ನಾನು ಎರಡೂ ಪಾಲು ಸೇರಿಸಿ ಕೊಡಬೇಕಿತ್ತು.

ಮಾರನೇ ದಿನ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಫೋನಿನಲ್ಲಿ ಟೈಪ್ ಮಾಡುವುದನ್ನು ಸೊಸೆ ಹೇಳಿಕೊಟ್ಟು ಮೂರು ತಿಂಗಳಾಗಿತ್ತು. ನೆಂಟರಿಷ್ಟರಿಗೆಲ್ಲ ಹೂವಿನ ಚಿತ್ರದ ಜೊತೆ ಶುಭೋದಯ ಕಳಿಸಿ ಕಳಿಸಿ, ಅರ್ಧ ಜನ ನನ್ನ ಮೆಸೇಜನ್ನು ನೋಡುವುದೇ ಬಿಟ್ಟಿದ್ದರು. ಸೊಸೆ ಆರಿಸಿದ ಮೆಷಿನ್ನಿನ ಪುಟವನ್ನು ನನಗೂ ಕಳಿಸಿದ್ದಳು. ತೆಗೆದು ನೋಡಿದೆ. ಕೆಳಗೆ ಕೊಳ್ಳುವ ಗುಂಡಿ ಇತ್ತು.

ಯಾಕೆ ಒತ್ತಿದೆ ಎಂದು ಯಾರಾದರೂ ಕೇಳಿದರೆ, ಅಂಗಡಿಯವನ ಮುಂದೆ 'ಬರ್ಕೊಳ್ಳಪ್ಪ' ಎಂದು ಒಂದು ದಿನವೂ ಹೇಳದವಳು ನಾನು, ಕ್ರೆಡಿಟ್ ಎಂದರೆ ಸಾಲವಲ್ಲವೇ ಎನ್ನಬಹುದು. ಅದು ಹೇಳಿಕೊಳ್ಳುವ ಕಾರಣ. ನಿಜವೆಂದರೆ ನನಗೆ ನಾನೇ ಒತ್ತಬೇಕಿತ್ತು. ಮೆಷಿನ್ ನನ್ನ ಹೆಸರಿಗೆ ಬರಬೇಕಿತ್ತು. 'ಅತ್ತೆಗೆ ಇದೆಲ್ಲ ಬರತ್ತೆ' ಎಂದು ಸೊಸೆ ಬಾಯಿ ಬಿಡುವುದನ್ನು ನೋಡಬೇಕಿತ್ತು. ಕನ್ನಡಕ ಹಾಕಿಕೊಂಡು ನನ್ನ ಡೆಬಿಟ್ ಕಾರ್ಡಿನ ಹದಿನಾರು ಅಂಕಿ ಒತ್ತಿದೆ. ಹಿಂದಿನ ಮೂರು ಅಂಕಿ ಒತ್ತಿದೆ. ಫೋನಿಗೆ ಬಂದ ಒಟಿಪಿಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ನೋಡಿ ನೋಡಿ ಒತ್ತಿದೆ. ವಿಳಾಸ ಜೊತೆಗಾತಿಯ ಮನೆಯದು. ಟಿಂಗ್ ಎಂದಿತು. ಖುಷಿಗೆ ಡಬ್ಬದಿಂದ ಒಂದು ಉಂಡೆ ತೆಗೆದು ತಿಂದೆ.

ಸಂಜೆ ಜೊತೆಗಾತಿ ಕೇಳಿದಳು. "ಆರ್ಡರ್ ಹಾಕ್ದ್ರಾ? ಸೊಸೆ ಕಾರ್ಡಲ್ಲೇ ತಾನೆ?"

ನಾನೇ ಹಾಕಿದೆ ಎಂದು ಕುಣಿಯಬೇಕೆಂದಿದ್ದವಳು, ಅವಳು ಊದಿದ ಭುಜಕ್ಕೆ ಬಿಸಿನೀರಿನ ಬಟ್ಟೆ ಇಟ್ಟುಕೊಳ್ಳುವುದನ್ನು ನೋಡಿ "ಹೂಂ" ಅಂದುಬಿಟ್ಟೆ.

ರಾತ್ರಿ ಊಟಕ್ಕೆ ಕೂತಾಗ ಸೊಸೆ, "ಅತ್ತೆ, ಮೆಷಿನ್ ಆರ್ಡರ್ ಹಾಕ್ಲಾ?" ಅಂದಳು. ಜೊತೆಗಾತಿಗೆ ಒಂದು ಹೇಳಿ ಇವಳಿಗೆ ಇನ್ನೊಂದು ಹೇಳುವಂತಿರಲಿಲ್ಲ. ಮೆಷಿನ್ ಬಂದು ಚೆನ್ನಾಗಿ ಓಡಿದ ಮೇಲೆ ಇಬ್ಬರಿಗೂ ಒಟ್ಟಿಗೆ ಹೇಳಿ ನಗಿಸೋಣ ಎಂದುಕೊಂಡು, "ಆಷಾಢ ಕಳೀಲಿ ತಡಿಯಮ್ಮ" ಅಂದೆ.

ಆರನೇ ದಿನ ಪೆಟ್ಟಿಗೆ ಬಂತು. ಜೊತೆಗಾತಿ ಅದರ ಸುತ್ತ ಎರಡು ಸುತ್ತು ಹಾಕಿ, "ತೆಗ್ದು ನೋಡಾಣ ಕಣಕ್ಕ. ಬಂದ್ ದಿನಾನೇ ತೆಗೀಬೇಕು ಅಂದಿದ್ಲಲ್ಲ ನಿನ್ ಸೊಸೆ" ಅಂದಳು.

"ಆಷಾಢದಲ್ಲಿ ಹೊಸ ಮೆಷಿನ್ನಿಗೆ ಕೈ ಹಚ್ತಾರೇನೇ? ಮೊದಲ್ನೇ ಶ್ರಾವಣ ಶುಕ್ರವಾರ ಪೂಜೆ ಮಾಡಿ ಶುರು ಮಾಡಾಣ."

"ಸುಮ್ನೆ ತೆಗ್ದು ನೋಡಕ್ಕೇನು?"

"ತೆಗ್ದಂಗೂ ಇರ್ಬೇಕು, ಶುರು ಮಾಡ್ದಂಗೂ ಇರ್ಬಾರ್ದು ಅಂದ್ರೆ ಹೆಂಗೇ?"

ಹೊಸ ಒಲೆ ಹೂಡುವಾಗಲೂ ಹೀಗೇ ಕಾದವರು ನಾವು. ಪೆಟ್ಟಿಗೆ ಗೋಡೆಯ ಪಕ್ಕ ಎರಡು ವಾರ ಕೂತಿತ್ತು. ಅದರ ಪಕ್ಕದಲ್ಲೇ ಅವಳು ಎಡಗೈಯಲ್ಲಿ ಸ್ವಲ್ಪ ಸ್ವಲ್ಪ ತುರಿಯುತ್ತಿದ್ದಳು.

ಶುಕ್ರವಾರ ತೆಗೆದೆವು. ಸ್ಟೀಲು ಫಳಫಳ ಎನ್ನುತ್ತಿತ್ತು. ಬಟ್ಟಲಿಗೆ, ಬ್ಲೇಡಿನ ಮುಚ್ಚಳಕ್ಕೆ, ಮೋಟರಿಗೆ ಅರಿಶಿನ ಕುಂಕುಮ ಹಚ್ಚಿ, ಮಲ್ಲಿಗೆ ಸುತ್ತಿ, ನಿಂಬೆಹಣ್ಣು ಇಟ್ಟು, ಊದುಬತ್ತಿ ಬೆಳಗಿದೆವು. ನಾನೊಂದು ಫೋಟೋ ತೆಗೆದೆ. ಪ್ಲಗ್ ಹಾಕಿದೆ. ಮೋಟರು ಗುಂಯ್ ಎಂದಿತು. ಜೊತೆಗಾತಿ ಒಂದು ಬಟ್ಟಲು ಕೊಬ್ಬರಿ ಒತ್ತಿದಳು. ಗುಂಯ್ ಎನ್ನುತ್ತಿದ್ದುದು ನರಳಿ ನಿಂತಿತು. ಹಸಿ ತೆಂಗಿನಕಾಯಿ ಇಟ್ಟರೆ ತಿರುಗುತ್ತಿತ್ತು, ಒಣ ಕೊಬ್ಬರಿ ಇಟ್ಟರೆ ನಿಲ್ಲುತ್ತಿತ್ತು. ನಾಲ್ಕನೇ ಸಲಕ್ಕೆ ಸುಟ್ಟ ವಾಸನೆ ಬಂತು.

ಮಾರಿದವರಿಗೆ ಫೋನ್ ಮಾಡಿದೆ. ಫೋಟೋ ಕಳಿಸಿ ಎಂದರು. ನನ್ನ ಹತ್ತಿರ ಇದ್ದದ್ದರಲ್ಲಿ ಚೆನ್ನಾಗಿದ್ದದ್ದು ಪೂಜೆಯ ಫೋಟೋ. ಅದನ್ನೇ ಕಳಿಸಿದೆ. ವಾಪಸ್ ಕೊಡುವ ಏಳು ದಿನ ಮುಗಿದಿದೆ, ಅಲ್ಲದೆ ಬಳಸಿದ ವಸ್ತು, ಮೇಲೆ ಕಲೆಗಳಿವೆ, ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಉತ್ತರ ಬಂತು. ಮತ್ತೆ ಫೋನ್ ಮಾಡಿದೆ.

"ಕಲೆ ಅಲ್ಲ ಕಣಪ್ಪ, ಅರಿಶಿನ ಅದು."

"ನಮ್ ಸಿಸ್ಟಮ್ಮಲ್ಲಿ ಕಲೆ ಅಂತಾನೇ ಬರೋದು ಮೇಡಂ."

"ನಿಮ್ ಸಿಸ್ಟಮ್ಮಿಗೆ ಯಾವತ್ತಾದ್ರೂ ಪೂಜೆ ಮಾಡಿದ್ದೀರಾ?"

"ಆಯುಧಪೂಜೆಗೆ ಮಾಡ್ತೀವಿ ಮೇಡಂ. ಆದ್ರೂ ರಿಟರ್ನ್ ಆಗಲ್ಲ."

ಅಲ್ಲಿಂದಾಚೆಗೆ ನನ್ನ ನಂಬರು ನೋಡಿದರೆ ಅವರು ಎತ್ತುತ್ತಿರಲಿಲ್ಲ.

ಅವತ್ತೇ ಹೇಳಿಬಿಡಬಹುದಿತ್ತು. ಜೊತೆಗಾತಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಸೊಸೆ ಬ್ಯಾಂಕಿಗೆ ತಕರಾರು ಹಾಕವ್ಳೆ, ದುಡ್ಡು ಬರ್ತದೆ, ಬೇರೆ ಮೆಷಿನ್ ತರಾಣ" ಅಂದೆ. ಅವಳ ಮುಖ ಅರಳಿತು. "ಓದ್ದೋರು ಮನೇಲಿದ್ರೆ ಇದೇ ನೋಡು ಅನುಕೂಲ" ಅಂದಳು. ನನ್ನ ಖಾತೆಯಲ್ಲಿ ಇನ್ನೊಂದು ಮೆಷಿನ್ನಿಗೆ ಆಗುವಷ್ಟು ಉಳಿದಿರಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಉಂಡೆಗೆ ಅವಳು ಮತ್ತೆ ಬಲಗೈಯಲ್ಲೇ ತುರಿದಳು. ಎಡಗೈಯಲ್ಲಿ ಅಷ್ಟು ಸಾಗುವುದಿಲ್ಲ. ನಾನು ತುರಿಯುತ್ತೇನೆ ಎಂದರೆ ಪಾಕ ಯಾರು ನೋಡುತ್ತಾರೆ ಎನ್ನುತ್ತಿದ್ದಳು. ನಾನೂ ಒತ್ತಾಯ ಮಾಡಲಿಲ್ಲ. ತುರಿಮಣೆಯ ಸದ್ದು ನಿಂತಾಗಲೆಲ್ಲ ಅವಳು ಭುಜ ಹಿಡಿದುಕೊಂಡಿದ್ದಾಳೆ ಎಂದು ತಿರುಗಿ ನೋಡದೆಯೇ ಗೊತ್ತಾಗುತ್ತಿತ್ತು. ನಾನು ತಿರುಗುತ್ತಿರಲಿಲ್ಲ.

ಇನ್ನೆರಡು ವಾರ ಕಳೆಯಿತು. ಒಂದು ಬೆಳಿಗ್ಗೆ ಅವಳು, "ಬ್ಯಾಂಕಿಂದ ಬಂದ ದುಡ್ಡು ನಿನ್ ಸೊಸೆ ಇಟ್ಕಂಡವ್ಳೆ ಅಂತ ಅಲ್ಲ ಕಣಕ್ಕ. ಮರ್ತಿರ್ಬೋದು. ನೀನೊಂದ್ ಮಾತು ಜ್ಞಾಪಿಸು" ಅಂದಳು.

ಸೌಟು ಕೈಯಲ್ಲಿ ಹಿಡಿದು ನಿಂತೆ. ಪಾಕ ಏರಿ ಗಟ್ಟಿಯಾಯಿತು. ಆರು ವರ್ಷದಲ್ಲಿ ನಾನು ಕೆಡಿಸಿದ ಪಾಕ ಅದೊಂದೇ.

ಅದೇ ವಾರ ಸೊಸೆ ಕೆಲಸದಿಂದ ಬಂದವಳು ಚಪ್ಪಲಿ ಬಿಡುತ್ತಲೇ ಕೇಳಿದಳು. "ಅತ್ತೆ, ಬಸ್‌ಸ್ಟಾಂಡಲ್ಲಿ ಚಿಕ್ಕಮ್ಮ ಸಿಕ್ಕಿದ್ರು. ಮಾತಾಡ್ಸಿದ್ರೆ ಮುಖ ಆ ಕಡೆ ತಿರುಗ್ಸಿಕೊಂಡ್ರು. ನಾನೇನ್ ಮಾಡ್ದೆ?"

"ಭುಜ ನೋವಲ್ವಾ, ಅದ್ಕೆ ಮಾತು ಬೇಡ ಅನ್ಸಿರ್ತದೆ."

"ಮೆಷಿನ್ ಯಾಕೆ ಇನ್ನೂ ತಗೊಂಡಿಲ್ಲ ಅಂತ ಬೇಜಾರೇನೋ ಪಾಪ. ಆಷಾಢ ಕಳ್ದು ಶ್ರಾವಣನೂ ಮುಗೀತಾ ಬಂತು, ಹಾಕ್ಬಿಡ್ಲಾ ಇವತ್ತು?"

ತಟ್ಟೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ತೊಳೆದ ತಟ್ಟೆಯನ್ನೇ ಇನ್ನೊಂದು ಸಲ ತೊಳೆದೆ.

ಮಾರನೇ ದಿನ ಯಾರಿಗೂ ಹೇಳದೆ ಕುಣಿಗಲ್ ಬಸ್ಸು ಹತ್ತಿದೆ. ನಮ್ಮ ಯಜಮಾನರು ಅಲ್ಲಿ ಕೆಲಸದಲ್ಲಿದ್ದಾಗ ತೆರೆದ ಬ್ಯಾಂಕ್ ಖಾತೆ ಅಲ್ಲೇ ಇದೆ, ನನ್ನ ಪಿಂಚಣಿ ಈಗಲೂ ಅದಕ್ಕೇ ಬರುತ್ತದೆ. ಕಿವಿ ಕೇಳಿಸುವುದಿಲ್ಲ ಎಂದು ಸನ್ನೆ ಮಾಡಿದರೆ ಬ್ಯಾಂಕಿನಲ್ಲಿ ಕುರ್ಚಿ ಸಿಗುತ್ತದೆ. ನನಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ, ಆದರೆ ಸರದಿಯಲ್ಲಿ ನಿಲ್ಲಲು ಮಂಡಿ ಬಿಡುವುದಿಲ್ಲ, ಅವತ್ತೂ ಹಾಗೇ ಸನ್ನೆ ಮಾಡಿದೆ. ಕಾರ್ಡು ನೋಡಿಕೊಳ್ಳುವ ಮೇಡಂ ಒಂದು ತಕರಾರು ಫಾರಂ ಕೊಟ್ಟರು.

ಅದರಲ್ಲಿ ಗುರುತು ಹಾಕಬೇಕಾದ ಎರಡು ಚೌಕ ಇತ್ತು. ಒಂದು, ಈ ಪಾವತಿ ನಾನು ಮಾಡಿದ್ದಲ್ಲ. ಇನ್ನೊಂದು, ಪಾವತಿ ಮಾಡಿದ್ದು ನಾನೇ, ಆದರೆ ಬಂದ ವಸ್ತು ಹೇಳಿದಂತೆ ಇಲ್ಲ.

ಪಕ್ಕದ ಕುರ್ಚಿಯಲ್ಲಿದ್ದ ಒಬ್ಬ ಗಂಡಸು ನನ್ನ ಫಾರಂ ಇಣುಕಿ ನೋಡಿದ. "ಮೊದಲ್ನೇದ್ರ ಮೇಲೆ ಹಾಕಮ್ಮ. ಯಾರೋ ಮೋಸ ಮಾಡವ್ರೆ ಅನ್ನು. ಬೇಗ ಬರ್ತದೆ. ಎರಡ್ನೇದು ಹಾಕಿದ್ರೆ ಸಾವಿರ ಪ್ರಶ್ನೆ."

ನನ್ನ ಪೆನ್ನು ಮೊದಲನೆಯದರ ಮೇಲೆ ಹೋಯಿತು. ಗುರುತು ಹಾಕಿಯೇಬಿಟ್ಟೆ. ಬೇಗ ಬಂದರೆ ಬೇಗ ಮೆಷಿನ್ ತರಬಹುದು, ಜೊತೆಗಾತಿಯ ಕೈ ಉಳಿಯುತ್ತದೆ, ಸೊಸೆಗೂ ಏನೂ ಗೊತ್ತಾಗುವುದಿಲ್ಲ ಎಂದುಕೊಂಡೆ.

ಮೇಡಂ ಫಾರಂ ನೋಡಿ, ಕಂಪ್ಯೂಟರಿನಲ್ಲೂ ನೋಡಿ, ಜೋರಾಗಿ ಕೇಳಿದರು. "ಅಮ್ಮ, ಒಟಿಪಿ ನಿಮ್ ಫೋನಿಗೇ ಬಂದಿದೆ. ಅವತ್ತು ಫೋನ್ ಯಾರ ಕೈಲಿತ್ತು?"

"ಮನೇಲಿತ್ತು."

"ಮನೇಲಿ ಯಾರ್ಯಾರಿದ್ದೀರಾ?"

"ನಾನು, ಮಗ, ಸೊಸೆ."

"ಮೊಬೈಲು, ಕಾರ್ಡು ಎಲ್ಲ ನಿಮಗೆ ಯಾರು ನೋಡಿಕೊಡ್ತಾರೆ?"

"ಸೊಸೆ."

ಅವರು ಫಾರಂ ಪಕ್ಕದ ಜಾಗದಲ್ಲಿ ಬರೆಯಲು ಪೆನ್ನು ಊರಿದರು. ಸೊ ಎಂದು ಬರೆದದ್ದು ಕಾಣಿಸಿತು. ನನ್ನ ಸುಳ್ಳು ಎಲ್ಲಿಗೆ ಹೊರಟರೂ ಹೋಗಿ ನಿಲ್ಲುವುದು ಅವಳ ಮೇಲೆಯೇ. ಹಿತ್ತಲಿನ ಕೋಣೆಯಲ್ಲೂ ಅವಳ ಮೇಲೆಯೇ, ಈ ಬ್ಯಾಂಕಿನಲ್ಲೂ ಅವಳ ಮೇಲೆಯೇ.

"ಬರೀಬ್ಯಾಡಿ ಮೇಡಂ" ಅಂದೆ. "ಒತ್ತಿದ್ದು ನಾನೇ. ಬೇರೆ ಫಾರಂ ಕೊಡಿ."

ಮೇಡಂ ಪೆನ್ನು ಎತ್ತಿ ನನ್ನನ್ನೇ ನೋಡಿದರು. "ಕಿವಿ ಈಗ ಚೆನ್ನಾಗಿ ಕೇಳ್ತಿದೆ ಅಲ್ವಾ ಅಮ್ಮ?"

"ಕೇಳ್ತಿದೆ" ಅಂದೆ.

ಪಕ್ಕದ ಗಂಡಸು ಎದ್ದು ಬೇರೆ ಕುರ್ಚಿಗೆ ಹೋದ. ಮೇಡಂ ಹಳೇ ಫಾರಂ ಹರಿದು ಬುಟ್ಟಿಗೆ ಹಾಕಿ, ನಿಧಾನವಾಗಿ ಹೇಳಿಕೊಟ್ಟರು. ಡೆಬಿಟ್ ಕಾರ್ಡಿಗೂ ತಕರಾರು ಹಾಕಬಹುದು, ಆದರೆ ದುಡ್ಡು ಆಗಲೇ ಕೈಬಿಟ್ಟು ಹೋಗಿದೆ, ತೀರ್ಮಾನ ಆಗುವವರೆಗೂ ಕಾಯಬೇಕು. ಕೊಳ್ಳುವಾಗ ಮೆಷಿನ್ ಬಗ್ಗೆ ಏನು ಬರೆದಿತ್ತೋ ಅದರ ಚಿತ್ರ ಬೇಕು. ಬಂದ ಮೆಷಿನ್ ಅದಲ್ಲ ಎಂದು ತೋರಿಸುವ ಫೋಟೋ ಬೇಕು. ಮಾರಿದವರ ಜೊತೆ ಆಡಿದ ಮಾತಿನ ದಾಖಲೆ ಬೇಕು. ಮೋಟರು ತಿಳಿದವರ ಹತ್ತಿರ ಒಂದು ಚೀಟಿ ಬರೆಸಿದರೆ ಒಳ್ಳೆಯದು. "ಗ್ಯಾರಂಟಿ ಇಲ್ಲ. ಬಾಕ್ಸ್ ತೆಗ್ದಿದ್ದು ತಡ ಆಗಿದೆ" ಎಂದರು. ಹೊಸ ಫಾರಂ ಮಡಚಿ ಕುಪ್ಪಸಕ್ಕೆ ಸಿಕ್ಕಿಸಿಕೊಂಡೆ.

ಅವತ್ತು ಸಂಜೆ ಸೊಸೆಗೆ ಕಾಫಿ ಕೊಟ್ಟು, ಅವಳು ಕುಡಿದು ಮುಗಿಸುವವರೆಗೂ ಕಾದು, ಎಲ್ಲ ಹೇಳಿದೆ. ಒತ್ತಿದ್ದು, ಹೂಂ ಅಂದದ್ದು, ಪೆಟ್ಟಿಗೆ ಕಾಯಿಸಿದ್ದು, ಅವಳ ಹೆಸರಿನಲ್ಲಿ ಇಲ್ಲದ ತಕರಾರು ಹಾಕಿಸಿದ್ದು, ಬ್ಯಾಂಕಿನಲ್ಲಿ ಅವಳ ಹೆಸರು ಅರ್ಧ ಬರೆಸಿದ್ದು. ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತಾ ಕೂತಳು.

"ನನ್ ಕಾರ್ಡ್ ಬಳ್ಸಕ್ಕೆ ನಿಮ್ಗೆ ನಾಚ್ಕೆ ಆಯ್ತು. ನನ್ ಹೆಸ್ರು ಬಳ್ಸಕ್ಕೆ ಆಗ್ಲಿಲ್ವಾ ಅತ್ತೆ?"

ಲೋಟ ತೆಗೆದುಕೊಳ್ಳಲು ಕೈ ಚಾಚಿದೆ, ಅವಳು ಕೊಡದೆ ತಾನೇ ಎದ್ದು ತೊಳೆದಿಟ್ಟಳು.

"ಬೆಳಿಗ್ಗೆ ರಜ ಹಾಕ್ತೀನಿ" ಅಂದಳು. "ಚಿಕ್ಕಮ್ಮನ ಮನೆಗೆ ಹೋಗಾಣ. ನೀವೇ ಹೇಳ್ಬೇಕು. ನಾನು ಪಕ್ಕದಲ್ಲಿ ನಿಂತಿರ್ತೀನಿ, ಬಾಯಿ ಬಿಡಲ್ಲ."

ಹಾಗೇ ಆಯಿತು. ಹಿತ್ತಲಿನ ಕೋಣೆಯ ಬಾಗಿಲಲ್ಲಿ ನಿಂತು ಎರಡನೇ ಸಲ ಹೇಳಿದೆ. ಎರಡನೇ ಸಲ ಹೇಳುವುದು ಸುಲಭ ಎಂದುಕೊಂಡಿದ್ದೆ, ಆಗಲಿಲ್ಲ. ಜೊತೆಗಾತಿ ಕೇಳಿ ಮುಗಿಸಿ ಎದ್ದು ಬಂದು ಮೊದಲು ಸೊಸೆಯ ಕೈ ಹಿಡಿದಳು.

"ಬಾರವ್ವ, ಕೂತ್ಕೊ. ಅವತ್ತು ಬಸ್‌ಸ್ಟಾಂಡಲ್ಲಿ ಮುಖ ತಿರುಗಿಸ್ಕಂಡೆ. ಮನಸಿಗೆ ಹಚ್ಕಬ್ಯಾಡ."

ಎಡಗೈಯಲ್ಲೇ ಕಾಫಿ ಬಗ್ಗಿಸಿ ಸೊಸೆಗೆ ಕೊಟ್ಟಳು. ನನಗೆ ಕೊಡಲಿಲ್ಲ. ತುರಿಮಣೆಯನ್ನು ಕಾಲಿನಲ್ಲಿ ನನ್ನ ಕಡೆಗೆ ತಳ್ಳಿದಳು.

"ಗೌರಿ ಹಬ್ಬದ ಕೊಬ್ಬರಿ ನೀನ್ ತುರಿ. ಪಾಕ ನಾನ್ ನೋಡ್ಕತೀನಿ."

"ಪಾಕ ನಿಂಗೆ ಬರಲ್ಲ ಕಣೇ."

"ನಿಂಗೆ ಬತ್ತಿತ್ತಾ ಕಾರ್ಡು?"

ಸೊಸೆ ಲೋಟದ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ಅವಳು ನಕ್ಕಿದ್ದಕ್ಕೆ ನನಗೆ ಉಸಿರು ಬಂತು. ಕೂತು ತುರಿದೆ. ಹತ್ತನೇ ಬಟ್ಟಲಿಗೆ ಹೆಗಲು ಉರಿಯತೊಡಗಿತು. ಅವಳು ದಿನಕ್ಕೆ ನೂರು ಬಟ್ಟಲು ತುರಿಯುತ್ತಿದ್ದಳು.

ಊರಿನ ಮೋಟರ್ ರಿಪೇರಿಯವನನ್ನು ಕರೆಸಿದೆವು. ಮೋಟರಿನ ಮೇಲೆ ಒಂದು ಸಣ್ಣ ತಗಡಿನ ಚೀಟಿ ಇತ್ತು, ಅದರ ಮೇಲೆ ಒಣಗಿದ ಅರಿಶಿನ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ. "ಇದು ಕಾಲು ಎಚ್‌ಪಿ ಕಣಮ್ಮ. ಹಸಿ ಕಾಯಿಗೆ ಸರಿ, ಒಣ ಕೊಬ್ಬರಿಗೆ ಎಲ್ಲಿ ಆಯ್ತದೆ" ಅಂದ. ನಾನು ಮೊದಲ ದಿನವೇ ಕುಂಕುಮ ಇಟ್ಟದ್ದು ಸರಿಯಾಗಿ ಅದೇ ತಗಡಿನ ಮೇಲೆ. ಓದಿದ್ದರೆ ಪ್ಲಗ್ ಹಾಕುವ ಮೊದಲೇ ಗೊತ್ತಾಗುತ್ತಿತ್ತು. ಅವನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಕೊಟ್ಟ.

ಮಾರಿದವರು ಅಷ್ಟರಲ್ಲಿ ಪುಟದಲ್ಲಿದ್ದ ಅರ್ಧವನ್ನು ತೆಗೆದು ಕಾಲು ಎಂದು ಬದಲಿಸಿದ್ದರು. ಮೆಷಿನ್ ಆರಿಸಿದ ಸಂಜೆಯೇ ಸೊಸೆ ಹಳೇ ಪುಟದ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಿದ್ದಳು. ನಮ್ಮ ಹತ್ತಿರ ಇದ್ದ ಗಟ್ಟಿ ಸಾಕ್ಷಿ ಅದೊಂದೇ.

ಫಾರಂ ಜೊತೆ ನಡೆದದ್ದನ್ನು ಬರೆದು ಕೊಡಬೇಕಿತ್ತು. ಫೋನಿನಲ್ಲಿ ನಾನೇ ಟೈಪ್ ಮಾಡಿದೆ. ಒಂದೇ ಬೆರಳು, ಅರ್ಧ ದಿನ ಹಿಡಿಯಿತು.

"ಆಷಾಢ ಅಂತ ಎರಡು ವಾರ ಬಾಕ್ಸ್ ತೆಗೀಲಿಲ್ಲ ಅಂತ ಬರೀಲೇಬೇಕಾ ಅತ್ತೆ? ಅವ್ರಿಗೆ ಅನುಕೂಲ ಆಗತ್ತೆ" ಅಂದಳು ಸೊಸೆ.

"ಆಗ್ಲಿ. ಇನ್ನೊಂದು ಸುಳ್ಳು ಹೇಳೋ ಶಕ್ತಿ ನಂಗಿಲ್ಲ."

ಮಾರಿದವರು ಪೂಜೆಯ ಫೋಟೋ ಹಾಕಿ ಬ್ಯಾಂಕಿಗೆ ಉತ್ತರ ಕೊಟ್ಟರು. ನಾವು ರಿಪೇರಿಯವನ ಚೀಟಿ, ಒರೆಸಿದ ತಗಡಿನ ಫೋಟೋ, ಸ್ಕ್ರೀನ್‌ಶಾಟ್ ಮತ್ತೆ ಕಳಿಸಿದೆವು. ಕುಣಿಗಲ್ಲಿಗೆ ಮೂರು ಸಲ ಓಡಾಡಿದೆ. ಕುರ್ಚಿ ಕೇಳದೆ ಸರದಿಯಲ್ಲಿ ನಿಂತೆ.

ದುಡ್ಡಿಗೆ ಕಾಯದೆ ಸೊಸೆ ತನ್ನ ಕ್ರೆಡಿಟ್ ಕಾರ್ಡಿನಲ್ಲಿ ಬೇರೆ ಕಡೆಯಿಂದ ಇನ್ನೊಂದು ಮೆಷಿನ್ ತರಿಸಿದಳು. ಅದು ಬಂದದ್ದು ಗೌರಿ ಹಬ್ಬ ಕಳೆದ ಮೇಲೆ, ಮಂಗಳವಾರ, ಸರಿಯಾಗಿ ರಾಹುಕಾಲದಲ್ಲಿ. ನಾನು ಬಾಯಿ ತೆರೆಯುವ ಮೊದಲೇ ಜೊತೆಗಾತಿ ಕುಡುಗೋಲಿನಿಂದ ಟೇಪು ಹರಿದಳು. ಸೊಸೆ ವಿಡಿಯೋ ಮಾಡಿದಳು. ತಗಡಿನ ಚೀಟಿಯನ್ನು ನಾನು ಗಟ್ಟಿಯಾಗಿ ಓದಿದೆ, ಅರ್ಧ ಎಚ್‌ಪಿ. ಒಣ ಕೊಬ್ಬರಿ ಒತ್ತಿದರೆ ಬೂದಿಯಂತೆ ಸುರಿಯಿತು. ಅದಕ್ಕೆ ಇವತ್ತಿನವರೆಗೂ ಯಾರೂ ಅರಿಶಿನ ಹಚ್ಚಿಲ್ಲ.

ನನ್ನ ದುಡ್ಡು ಬಂದದ್ದು ದೀಪಾವಳಿ ಕಳೆದು. ಜೊತೆಗಾತಿಯ ಪಾಲನ್ನು ತೆಗೆದುಕೊಂಡು ಹೋದರೆ, "ನಿನ್ ಸೊಸೆ ಬಿಲ್ಲಿಗೆ ಕಟ್ಟು" ಅಂದಳು.

ದುಡ್ಡು ಪೂರ್ತಿ ಬಂತು. ಅವಳ ಕೈ ಪೂರ್ತಿ ಬರಲಿಲ್ಲ. ಆಷಾಢದಿಂದ ಶ್ರಾವಣದ ಕೊನೆಯವರೆಗೆ, ನಾನು ಬಾಯಿ ಮುಚ್ಚಿಕೊಂಡಿದ್ದ ದಿನಗಳಲ್ಲಿ ತುರಿದದ್ದೇ ಹೆಚ್ಚಾಯಿತು ಎಂದು ಡಾಕ್ಟರು ಹೇಳಲಿಲ್ಲ, ಅವರಿಗೆ ಆ ಕಥೆ ಗೊತ್ತಿಲ್ಲ. ಮತ್ತೆ ತೋರಿಸಲು ಹೋದಾಗ, ತಡವಾಗಿ ಬಂದಿದ್ದೀರಿ ಎಂದಷ್ಟೇ ಹೇಳಿದರು. ಅವಳ ಬಲಗೈ ಈಗ ಗಲ್ಲದವರೆಗೆ ಏಳುತ್ತದೆ, ಅದರ ಮೇಲಕ್ಕೆ ಹೋಗುವುದಿಲ್ಲ.

ಆದ್ದರಿಂದ ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು ಅವಳು ನನ್ನ ಮುಂದೆ ಬೆನ್ನು ಹಾಕಿ ಕೂರುತ್ತಾಳೆ. ನಾನು ಎಣ್ಣೆ ಹಚ್ಚಿ, ಬಾಚಿ, ಜಡೆ ಹೆಣೆದು, ಸುತ್ತಿ ಪಿನ್ನು ಸಿಕ್ಕಿಸುತ್ತೇನೆ.

"ಬಿಗಿಯಾಗಿ ಹಾಕಕ್ಕ" ಅನ್ನುತ್ತಾಳೆ. "ಮಧ್ಯಾಹ್ನಕ್ಕೆ ಬಿಚ್ಕಂಡ್ರೆ ನಂಗೆ ಕಟ್ಕಳಕ್ಕಾಗಲ್ಲ."

ಬಿಚ್ಚಿ, ಮತ್ತೆ ಬಿಗಿಯಾಗಿ ಹಾಕುತ್ತೇನೆ.